ಸದ್ದಿಗೆ ಬ್ಲೇಡು ಹಾಕುತ್ತಿದ್ದ ಕಾಲ

(ಸಂಗೀತ ಸಭೆಯೊಂದರ ವಾರ್ಷಿಕ ಕೂಟದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಸಭಿಕರು ನಡುನಡುವೆ ಕೇಳಿದ ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಹ್ವಾನ ಪತ್ರಿಕೆಯಲ್ಲಿ ನನ್ನ ಮಾತಿನ ವಿಷಯವನ್ನು ‘ಅನಲಾಗ್ ಮತ್ತು ಡಿಜಿಟಲ್ ಧ್ವನಿಮುದ್ರಣ: ಒಂದು ತೌಲನಿಕ ನೋಟ’ ಎಂದು ಅಚ್ಚು ಹಾಕಿಸಿದ್ದಾರೆ. ಓದಿ ನನಗೇ ಭಯವಾಯಿತು. ತೌಲನಿಕವಾಗಿ ನೋಡುವಷ್ಟು ಓದಿಕೊಂಡವನು ನಾನಲ್ಲ. ಮೂವತ್ತೈದು ವರ್ಷ ಕಿಟಕಿಯಿಲ್ಲದ ಕೊಠಡಿಗಳಲ್ಲಿ ಕುಳಿತು, ಹೊರಗೆ ಮಳೆ ಬಂದು ನಿಂತದ್ದೂ ತಿಳಿಯದೆ, ಬೇರೆಯವರ ಹಾಡನ್ನು ಹಿಡಿದಿಟ್ಟವನು. ಹಾಗಾಗಿ ಪ್ರಬಂಧದ ಬದಲು ಮೂರು ವಸ್ತುಗಳನ್ನು ತಂದಿದ್ದೇನೆ. ಮೇಜಿನ ಮೇಲೆ ಕಾಣುತ್ತಿವೆಯಲ್ಲ: ಒಂದು ಹಳೆಯ ಸ್ಪೂಲ್ ಯಂತ್ರ, ಒಂದು ಟೇಪಿನ ಸುರುಳಿ, ಒಂದು ಕ್ಷೌರದ ಬ್ಲೇಡು. ಲ್ಯಾಪ್‌ಟಾಪ್ ಕೂಡ ಇದೆ. ಅದು ಎಲ್ಲರ ಮನೆಯಲ್ಲೂ ಇರುವುದರಿಂದ ಲೆಕ್ಕಕ್ಕೆ ಹಿಡಿಯಲಿಲ್ಲ. ಬ್ಲೇಡಿನ ಸರದಿ ಕೊನೆಗೆ ಬರುತ್ತದೆ.

ಮೊದಲು ಸುರುಳಿ. ಇದು ಕಾಲು ಇಂಚು ಅಗಲದ ಟೇಪು. ದೊಡ್ಡ ಸ್ಟುಡಿಯೋಗಳಲ್ಲಿ ಇದರ ಎಂಟು ಪಟ್ಟು ಅಗಲದ, ಅಂದರೆ 2 ಇಂಚಿನ ಟೇಪು ಇರುತ್ತಿತ್ತು. ಅದರ ಮೇಲೆ ಅಕ್ಕಪಕ್ಕದಲ್ಲಿ 24 ಟ್ರ್ಯಾಕುಗಳು, ಅಂದರೆ ಬೇರೆ ಬೇರೆ ದನಿ, ವಾದ್ಯಗಳನ್ನು ಪ್ರತ್ಯೇಕವಾಗಿ ಬರೆದಿಡುವ ಓಣಿಗಳು. ಸುರುಳಿಯ ಉದ್ದ 2500 ಅಡಿ. ಸೆಕೆಂಡಿಗೆ 30 ಇಂಚಿನ ವೇಗದಲ್ಲಿ ಓಡಿಸಿದರೆ ಸುಮಾರು ಹದಿನಾರೂವರೆ ನಿಮಿಷಕ್ಕೆ ಖಾಲಿ. ಜಿಪುಣತನ ಮಾಡಿ 15 ಇಂಚಿಗೆ ಇಳಿಸಿದರೆ ಅದರ ಎರಡರಷ್ಟು. 15 ಇಂಚು ಎಂದರೆ ಮೊಳಕ್ಕೆ ಮೂರು ಇಂಚು ಕಡಿಮೆ. ಹೂವಾಡಗಿತ್ತಿ ಮಲ್ಲಿಗೆ ಅಳೆದು ಕೊಡುವಂತೆ ನಾವು ಸಂಗೀತವನ್ನು ಮೊಳದಲ್ಲಿ ಅಳೆಯುತ್ತಿದ್ದೆವು. ಆದಿತಾಳದ ಒಂದು ಆವರ್ತವನ್ನು ಎರಡೂ ಕೈಯಲ್ಲಿ ಎಳೆದು ಹಿಡಿದು ತೋರಿಸಬಹುದಿತ್ತು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನನ್ನ ಮಾತೆಲ್ಲ ಸುತ್ತಿ ಬಳಸಿ ಇಲ್ಲಿಗೇ ಬರುತ್ತದೆ.

ಈ ಕಂದು ಬಣ್ಣ ಏನು ಗೊತ್ತೇ? ತುಕ್ಕು. ನಯವಾಗಿ ಅರೆದ ಕಬ್ಬಿಣದ ತುಕ್ಕನ್ನು ಅಂಟಿನಲ್ಲಿ ಕಲಸಿ ಪ್ಲಾಸ್ಟಿಕ್ ಪಟ್ಟಿಗೆ ಬಳಿದಿದ್ದಾರೆ. ಹಾಡುವವರ ಬಾಯಿಂದ ಹೊರಟ ಗಾಳಿಯ ಅಲೆ ಮೈಕಿನಲ್ಲಿ ವಿದ್ಯುತ್ತಾಗಿ, ಆ ವಿದ್ಯುತ್ತು ಟೇಪು ಸವರಿಕೊಂಡು ಹೋಗುವ ಪುಟ್ಟ ಕಾಂತವಾದ ಹೆಡ್‌ನಲ್ಲಿ ಕಾಂತಶಕ್ತಿಯಾಗಿ, ಈ ತುಕ್ಕಿನ ಕಣಗಳನ್ನು ಒಂದು ಕಡೆಗೆ ತಿರುಗಿಸಿ ಕೂರಿಸುತ್ತದೆ. ಗಾಳಿ ಎಷ್ಟು ಏರಿತೋ ಇಲ್ಲಿ ಕಾಂತವೂ ಅಷ್ಟೇ ಏರುತ್ತದೆ. ಒಂದರ ಹಾಗೆ ಇನ್ನೊಂದು. ಅನಲಾಗ್ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಅರ್ಥವೇನೂ ಇಲ್ಲ.

ಡಿಜಿಟಲ್ ಹಾಗಲ್ಲ. ಅಲ್ಲಿ ಅಲೆಯನ್ನು ಸೆಕೆಂಡಿಗೆ ಇಷ್ಟು ಸಲ ಎಂದು ಅಳೆದು ಅಂಕಿಯಾಗಿ ಬರೆದಿಡುತ್ತಾರೆ. ಸಿಡಿಯಲ್ಲಿ 44,100 ಸಲ. ಇದನ್ನು ಹೇಳಿದ ತಕ್ಷಣ ಯಾರಾದರೂ ಒಬ್ಬರು ಕೈ ಎತ್ತಿಯೇ ಎತ್ತುತ್ತಾರೆ. (ಎತ್ತಿದರು. "ಎರಡು ಅಳತೆಗಳ ನಡುವೆ ಇದ್ದ ಸಂಗೀತ ಎಲ್ಲಿ ಹೋಯಿತು? ಅದು ಕಳೆದೇ ಹೋಯಿತಲ್ಲ?") ಬಹಳ ಒಳ್ಳೆಯ ಪ್ರಶ್ನೆ. ಉತ್ತರ ನಿಮ್ಮ ಮನೆಯ ಅಂಗಳದಲ್ಲೇ ಇದೆ. ಚುಕ್ಕಿ ರಂಗೋಲಿಯಲ್ಲಿ ಮೊದಲು ಚುಕ್ಕಿ ಇಡುತ್ತಾರೆ, ಆಮೇಲೆ ಗೆರೆ ಎಳೆಯುತ್ತಾರೆ. ಬಾಗಿಲ ಮುಂದೆ ನಿಂತು ನೋಡುವವರಿಗೆ ಕಾಣುವುದು ಗೆರೆ. ಡಿಜಿಟಲ್ ಧ್ವನಿಯಲ್ಲೂ ಹೀಗೆಯೇ: ಕಡತದಲ್ಲಿ ಇರುವುದು ಚುಕ್ಕಿ, ಸ್ಪೀಕರಿನಿಂದ ಬರುವುದು ನುಣುಪಾದ ಗೆರೆ. ಪುಸ್ತಕಗಳಲ್ಲಿ ಬರೆಯುವ ಆ ಮೆಟ್ಟಿಲು ಮೆಟ್ಟಿಲಿನ ಚಿತ್ರ ನಿಮ್ಮ ಕಿವಿಗೆ ಎಂದೂ ಬೀಳುವುದಿಲ್ಲ. ಇನ್ನೊಂದು ಮಾತು. ಅಂಗಳದಲ್ಲಿ ಅವೇ ಚುಕ್ಕಿಗಳಿಗೆ ಅತ್ತೆ ಒಂದು ಚಿತ್ರ, ಸೊಸೆ ಇನ್ನೊಂದು ಚಿತ್ರ ಬಿಡಿಸಬಹುದು. ಇಲ್ಲಿ ಆ ಸ್ವಾತಂತ್ರ್ಯವಿಲ್ಲ. ಅಳತೆಯ ವೇಗದ ಅರ್ಧಕ್ಕಿಂತ ಹೆಚ್ಚಿನ ಕಂಪನವನ್ನು ಒಳಗೆ ಬಿಡದಿದ್ದರೆ, ಆ ಚುಕ್ಕಿಗಳ ಮೂಲಕ ಹಾಯುವ ಗೆರೆ ಒಂದೇ ಒಂದು. 1928ರಲ್ಲಿ ಎಂಜಿನಿಯರ್ ಹ್ಯಾರಿ ನೈಕ್ವಿಸ್ಟ್ ಸುಳಿವು ಕೊಟ್ಟದ್ದನ್ನು 1949ರಲ್ಲಿ ಗಣಿತಜ್ಞ ಕ್ಲಾಡ್ ಶಾನನ್ ಗಣಿತದಲ್ಲಿ ಕಟ್ಟಿಕೊಟ್ಟರು. ಮನುಷ್ಯನ ಕಿವಿ ಹೆಚ್ಚೆಂದರೆ ಸೆಕೆಂಡಿಗೆ 20,000 ಕಂಪನದವರೆಗೆ ಕೇಳಿಸಿಕೊಳ್ಳುತ್ತದೆ. ನನ್ನ ವಯಸ್ಸಿನವರದು ಅದರ ಅರ್ಧಕ್ಕೇ ಸುಸ್ತಾಗುತ್ತದೆ. 44,100ರ ಅರ್ಧ 22,050. ಸಾಕಾಯಿತಲ್ಲ.

ಹಾಗಾದರೆ 40,000 ಎಂದು ದುಂಡಗೆ ಇಡದೆ ಈ 44,100 ಎಂಬ ವಕ್ರ ಸಂಖ್ಯೆ ಯಾಕೆ? ಸ್ವಲ್ಪ ಅಂತರ ಬಿಡಬೇಕಾದದ್ದು ನಿಜ. ಆದರೆ ಇದೇ ಸಂಖ್ಯೆ ಬಂದದ್ದು ಹಳೆಯ ವಿಡಿಯೋ ಟೇಪಿನಿಂದ. 1970ರ ದಶಕದಲ್ಲಿ ಅಷ್ಟೊಂದು ಅಂಕಿಗಳನ್ನು ತುಂಬಿಡಬಲ್ಲ, ಸುಲಭವಾಗಿ ಕೈಗೆ ಸಿಗುವ ಯಂತ್ರವೆಂದರೆ ವಿಡಿಯೋ ರೆಕಾರ್ಡರ್. ಅಂಕಿಗಳನ್ನು ಕಪ್ಪು ಬಿಳುಪು ಚುಕ್ಕಿಗಳಾಗಿಸಿ ಟಿವಿ ಚಿತ್ರದ ವೇಷ ಹಾಕಿಸಿ ಅದರೊಳಗೆ ನುಗ್ಗಿಸಿದರು. ಒಂದು ಗೆರೆಗೆ 3 ಅಳತೆ, ಒಂದು ಪರದೆಗೆ 245 ಗೆರೆ, ಸೆಕೆಂಡಿಗೆ 60 ಪರದೆ. ಗುಣಿಸಿ ನೋಡಿ. ಯುರೋಪಿನ ಟಿವಿಯಲ್ಲಿ 3, 294, 50, ಅದನ್ನೂ ಗುಣಿಸಿ. ಎರಡೂ ಕಡೆ ಅದೇ 44,100. 1982ರಲ್ಲಿ ಸಿಡಿ ಬಂದಾಗ ಈ ಸಂಖ್ಯೆಯನ್ನು ಹೊತ್ತುಕೊಂಡೇ ಬಂತು. ಡಿಜಿಟಲ್ ಯುಗದ ನೆತ್ತಿಯ ಮೇಲೆ ಅನಲಾಗ್ ಟಿವಿಯ ಮಚ್ಚೆ ಇದೆ ಎಂದು ನಾನು ತಮಾಷೆ ಮಾಡುವುದುಂಟು.

ಅಂದರೆ ನಾನು ಡಿಜಿಟಲ್ ಪಕ್ಷದವನೇ? ನಿಲ್ಲಿ. ಈಗ ಚರಿತ್ರೆಗೆ ಬರೋಣ. ಅಲ್ಲಿ ಎರಡೂ ಪಕ್ಷದವರ ಮಾನ ಹೋಗುತ್ತದೆ.

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡ ಕಥೆ ನಿಮಗೆ ಗೊತ್ತು. ಮೈಕಿಲ್ಲ, ವಿದ್ಯುತ್ತಿಲ್ಲ. ಒಂದು ದೊಡ್ಡ ಕಹಳೆಯೊಳಗೆ ಮುಖ ಒಡ್ಡಿ ಕೂಗಿ ಹಾಡಬೇಕು. ಸದ್ದಿನ ಬಲದಿಂದಲೇ ಸೂಜಿ ಅಲುಗಾಡಿ ಮೇಣ ಕೊರೆಯಬೇಕು. ಮೂರು ನಿಮಿಷ. ಹಾಡು ಮುಗಿದ ಮೇಲೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಾರೆ, ತಟ್ಟೆ ಅಚ್ಚಾಗುವ ಜರ್ಮನಿಯ ಹ್ಯಾನೋವರಿನಲ್ಲಿ ಇದು ಯಾರ ಹಾಡು ಎಂದು ತಿಳಿಯಲಿ ಎಂದು. ಅಲ್ಲಿ ತಿದ್ದುಪಡಿ ಎಂಬ ಮಾತೇ ಇಲ್ಲ. ತಪ್ಪಿದರೆ ಮೇಣ ಎಸೆದು ಮೊದಲಿನಿಂದ. ಮೂರು ನಿಮಿಷದ ಆ ಚೌಕಟ್ಟಿಗೆ, ನಿಧಾನವಾಗಿ ಬೆಳೆಸಿ ಹಾಡುವ ಹಿಂದೂಸ್ತಾನಿ ಖಯಾಲನ್ನು ಹಿಂಡಿ ಇಳಿಸಿದ ಅಬ್ದುಲ್ ಕರೀಂ ಖಾನರಂಥವರ ತಟ್ಟೆಗಳನ್ನು ಕೇಳಿದರೆ, ತಂತ್ರಜ್ಞಾನ ಸಂಗೀತವನ್ನು ಹಿಡಿದಿಡುತ್ತದೆಯೋ ಹೊಲಿಯುತ್ತದೆಯೋ ಎಂಬ ಅನುಮಾನ ಬರುತ್ತದೆ.

ಟೇಪು ಬಂದದ್ದು ಜರ್ಮನಿಯಿಂದ. ಎಇಜಿ ಕಂಪನಿಯ ಮ್ಯಾಗ್ನೆಟೋಫೋನ್ ಯಂತ್ರವನ್ನು 1935ರಲ್ಲಿ ಬರ್ಲಿನ್ನಿನಲ್ಲಿ ಪ್ರದರ್ಶನಕ್ಕಿಟ್ಟರು. ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕದ ಸೇನೆಯಲ್ಲಿದ್ದ ಜಾಕ್ ಮುಲ್ಲಿನ್ ಅಂಥ ಎರಡು ಯಂತ್ರಗಳನ್ನು ಬಿಡಿಭಾಗ ಮಾಡಿ ಊರಿಗೆ ಅಂಚೆಯಲ್ಲಿ ಕಳಿಸಿಕೊಂಡು, ಜೋಡಿಸಿ, 1946ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೋರಿಸಿದರು. ರೇಡಿಯೋದ ದೊಡ್ಡ ತಾರೆ ಬಿಂಗ್ ಕ್ರಾಸ್ಬಿಗೆ ವಾರವಾರವೂ ಮೈಕಿನ ಮುಂದೆ ನೇರ ಪ್ರಸಾರ ಕೊಟ್ಟು ಬೇಸರವಾಗಿತ್ತು. 1947ರಿಂದ ಅವರ ಕಾರ್ಯಕ್ರಮ ಟೇಪಿಗೆ ಹತ್ತಿತು. ಹತ್ತಿದ್ದೇ ತಡ, ಕತ್ತರಿ ಕೆಲಸ ಶುರು. ಒಂದು ವಾರ ಸಭಿಕರು ಬಿದ್ದು ಬಿದ್ದು ನಕ್ಕ ನಗುವನ್ನು ಕತ್ತರಿಸಿ ಇಟ್ಟುಕೊಂಡು, ಇನ್ನೊಂದು ವಾರದ ಸಪ್ಪೆ ಹಾಸ್ಯಕ್ಕೆ ಅಂಟಿಸಿದ್ದನ್ನು ಮುಲ್ಲಿನ್ ಅವರೇ ಹೇಳಿಕೊಂಡಿದ್ದಾರೆ. ಟೇಪಿನ ಬಾಲ್ಯದಲ್ಲೇ ಸುಳ್ಳು ಹುಟ್ಟಿತು ನೋಡಿ. ‘ಅನಲಾಗ್ ಪ್ರಾಮಾಣಿಕ, ಡಿಜಿಟಲ್ ಮೋಸ’ ಎನ್ನುವವರಿಗೆ ನಾನು ಈ ಕಥೆ ಹೇಳುತ್ತೇನೆ. ಅಷ್ಟಕ್ಕೂ ಒಪ್ಪದಿದ್ದರೆ ಬೀಟಲ್ಸ್ ತಂಡದ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಇದೆ. 1966ರ ಡಿಸೆಂಬರಿನಲ್ಲಿ ಲಂಡನ್ನಿನ ಇಎಂಐ ಸ್ಟುಡಿಯೋದಲ್ಲಿ ಎರಡು ಬೇರೆ ಬೇರೆ ಟೇಕ್‌ಗಳನ್ನು ಸೇರಿಸಿದ ಹಾಡು ಅದು. ಶ್ರುತಿ ಬೇರೆ, ಲಯದ ವೇಗ ಬೇರೆ. ಟೇಪಿನ ವೇಗ ಏರಿಳಿಸಿ ಎರಡನ್ನೂ ಹತ್ತಿರಕ್ಕೆ ತಂದು, ಬ್ಲೇಡಿನಿಂದ ಕತ್ತರಿಸಿ ಅಂಟಿಸಿದರು. ಹಾಡು ಶುರುವಾಗಿ ಸುಮಾರು ಒಂದು ನಿಮಿಷದ ಹೊತ್ತಿಗೆ ಆ ಹೊಲಿಗೆ ಇದೆ. ಕಿವಿಗೊಟ್ಟರೆ ದನಿಯ ಬಣ್ಣ ಬದಲಾಗುವುದು ಗೊತ್ತಾಗುತ್ತದೆ. ಗೊತ್ತಾದ ಮೇಲೆ ಮತ್ತೆಂದೂ ಮರೆಯಲಾಗುವುದಿಲ್ಲ, ಅದಕ್ಕಾಗಿ ಕ್ಷಮೆ ಇರಲಿ.

ಟೇಪಿನ ದೊಡ್ಡ ಪೀಡೆ ಸುಯ್ ಎನ್ನುವ ಸದ್ದು. ಅದನ್ನು ಅಡಗಿಸಿದ ರೇ ಡಾಲ್ಬಿ ಲಂಡನ್ನಿನಲ್ಲಿ 1965ರಲ್ಲಿ ಕಂಪನಿ ಶುರು ಮಾಡುವ ಮುಂಚಿನ ಎರಡು ವರ್ಷ ಇದ್ದದ್ದು ನಮ್ಮ ಚಂಡೀಗಡದಲ್ಲಿ, ಕೇಂದ್ರೀಯ ವೈಜ್ಞಾನಿಕ ಉಪಕರಣಗಳ ಸಂಸ್ಥೆಗೆ ವಿಶ್ವಸಂಸ್ಥೆಯ ಕಡೆಯಿಂದ ಬಂದ ಸಲಹೆಗಾರರಾಗಿ. ಸಿನಿಮಾ ಟಾಕೀಸಿನಲ್ಲಿ ಆ ಹೆಸರು ಪರದೆಯ ಮೇಲೆ ಬಂದಾಗಲೆಲ್ಲ ನನಗೆ ಪಂಜಾಬಿನ ಬಿಸಿಲು ನೆನಪಾಗುತ್ತದೆ.

ಇನ್ನು ನನ್ನ ಕಥೆ. ನಾನು ಕೆಲಸಕ್ಕೆ ಸೇರಿದಾಗ ಕನ್ನಡದಲ್ಲಿ ಕ್ಯಾಸೆಟ್ಟಿನ ಸುಗ್ಗಿ. ನಮ್ಮವರು ಅದಕ್ಕೆ ಎಷ್ಟು ಚಂದದ ಹೆಸರು ಕೊಟ್ಟರು: ಧ್ವನಿಸುರುಳಿ. ಮೈಸೂರು ಅನಂತಸ್ವಾಮಿಯವರ ‘ನಿತ್ಯೋತ್ಸವ’ 1978ರಲ್ಲಿ ಬಂದ ಮೇಲೆ ಕವಿತೆ ಮನೆಮನೆಗೆ ಸುರುಳಿಯಲ್ಲೇ ಹೋಯಿತು. ನಾನು ಆ ಕಾರ್ಖಾನೆಯ ಅತ್ಯಂತ ಕೆಳಗಿನ ಕೂಲಿ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಹೆಡ್ ಒರೆಸುವುದು ನನ್ನ ಕೆಲಸ. ಹತ್ತಿ ಕಂದಾಗುತ್ತಿತ್ತು. ನಿನ್ನೆ ಹಾಡಿದವರ ಹಾಡಿನ ಪುಡಿ ಅದು. ಆರು ತಿಂಗಳಾದ ಮೇಲೆ ನಮ್ಮ ಹಿರಿಯ ಎಂಜಿನಿಯರ್ ಬ್ಲೇಡು ಕೈಗೆ ಕೊಟ್ಟರು.

ಕತ್ತರಿಸುವುದು ಹೇಗೆ ಎಂದರೆ, ಮೃದಂಗದ ಒಂದು ಪೆಟ್ಟನ್ನು ಹುಡುಕಬೇಕು. ಯಂತ್ರ ನಿಲ್ಲಿಸಿ, ಎರಡೂ ಚಕ್ರಗಳ ಮೇಲೆ ಅಂಗೈ ಇಟ್ಟು, ಬೀಸುವ ಕಲ್ಲನ್ನು ಹಿಂದೆ ಮುಂದೆ ಅಲುಗಿಸಿದಂತೆ ನಿಧಾನವಾಗಿ ಅಲುಗಿಸಬೇಕು. ಹಾಡು ಆಗ ಹಾಡಾಗಿ ಕೇಳುವುದಿಲ್ಲ. ಗುಹೆಯೊಳಗೆ ಎಮ್ಮೆ ಗೊರಕೆ ಹೊಡೆದಂತೆ ಕೇಳುತ್ತದೆ. ಅದರ ನಡುವೆ ‘ಧಪ್’ ಎಂದು ಗಂಟಲು ಸರಿಪಡಿಸಿಕೊಂಡಂತೆ ಒಂದು ಸದ್ದು ಬಂದರೆ ಅದೇ ಪೆಟ್ಟಿನ ಬಾಯಿ. ಅಲ್ಲಿಗೆ ಸರಿಯಾಗಿ ಹೆಡ್ಡಿನ ಎದುರು ಟೇಪಿನ ಬೆನ್ನಿಗೆ ಹಳದಿ ಮೇಣದ ಪೆನ್ಸಿಲ್ಲಿನಿಂದ ಗುರುತು. ಅಲ್ಯೂಮಿನಿಯಂ ತೊಟ್ಟಿಲಿನಂಥ ಕಾಲುವೆಯಲ್ಲಿ ಟೇಪು ಮಲಗಿಸಿ, ಓರೆಯಾಗಿ ಕೊರೆದ ಸಂದಿಯಲ್ಲಿ ಬ್ಲೇಡು ಎಳೆಯಬೇಕು. ಓರೆ ಯಾಕೆಂದರೆ ನೇರ ಕತ್ತರಿಸಿದರೆ ‘ಟಕ್’ ಎನ್ನುತ್ತದೆ, ಓರೆಯಾದರೆ ಒಂದು ಸದ್ದು ಇನ್ನೊಂದಕ್ಕೆ ಜಾರಿಕೊಳ್ಳುತ್ತದೆ. ಉಳಿದ ತುಂಡನ್ನು ಎಸೆಯುವ ಹಾಗಿಲ್ಲ. ಚೀಟಿ ಅಂಟಿಸಿ ಗೋಡೆಯ ಮೊಳೆಗೆ ನೇತುಹಾಕಬೇಕು. ರಾತ್ರಿಯ ಹೊತ್ತಿಗೆ ಗೋಡೆಯ ತುಂಬ ಬೇಡವಾದ ಆಲಾಪಗಳು ಶಾವಿಗೆಯ ಹಾಗೆ ಜೋತಾಡುತ್ತಿದ್ದವು.

ಅಲ್ಲಿ ನಾನು ಮಾಡಿದ ಒಂದು ಪಾಪ ಹೇಳಿಬಿಡುತ್ತೇನೆ. ಒಂದು ಭಾವಗೀತೆಯಲ್ಲಿ ಪಿಟೀಲಿನ ಒಂದು ಸಾಲು ಮಾತ್ರ ಸರಿಪಡಿಸಬೇಕಿತ್ತು. ಟೇಪು ಓಡುತ್ತಿರುವಾಗಲೇ ಆ ಜಾಗ ಬಂದ ತಕ್ಷಣ ಕೆಂಪು ಗುಂಡಿ ಒತ್ತಿ, ಸಾಲು ಮುಗಿದ ತಕ್ಷಣ ಬಿಡಬೇಕು. ‘ಪಂಚ್’ ಎಂದು ನಾವು ಕರೆಯುತ್ತಿದ್ದೆವು. ಸರಿಯಾದ ಕ್ಷಣಕ್ಕೆ ಒತ್ತಿದೆ, ಸರಿಯಾದ ಕ್ಷಣಕ್ಕೆ ಬಿಟ್ಟೆ. ಒತ್ತಿದ್ದು ಮಾತ್ರ ಗಾಯಕರ ಟ್ರ್ಯಾಕಿನ ಗುಂಡಿ. ನಾಲ್ಕು ಸೆಕೆಂಡು ಹಾಡು ಹೋಯಿತು. ಗಾಯಕರು ಆಗಲೇ ಬಸ್ಸು ಹತ್ತಿ ಊರಿಗೆ ಹೋಗಿದ್ದರು. ನಮ್ಮ ಹಿರಿಯರು ಬೈಯಲಿಲ್ಲ. ಒಂದು ಲೋಟ ಕಾಫಿ ತರಿಸಿ ಕುಡಿದು ಮುಗಿಸುವವರೆಗೂ ಮಾತಾಡಲಿಲ್ಲ. ಬೈದಿದ್ದರೆ ಸುಖವಾಗಿರುತ್ತಿತ್ತು. ಆಮೇಲೆ "ಆ ಸಾಲು ಕೊನೆಯಲ್ಲಿ ಮತ್ತೆ ಬರುತ್ತದಲ್ಲವೇನಯ್ಯಾ?" ಎಂದರು. ಆ ಸಾಲನ್ನು ಇನ್ನೊಂದು ಯಂತ್ರದ ಟೇಪಿಗೆ ಇಳಿಸಿ, ಕಿವಿಯ ಲೆಕ್ಕದಲ್ಲೇ ಆ ಯಂತ್ರವನ್ನು ಚಾಲೂ ಮಾಡಿ, ಖಾಲಿಯಾದ ಜಾಗಕ್ಕೆ ಹಾಯಿಸಿದೆವು. ಹದಿನೇಳನೆಯ ಸಲಕ್ಕೆ ಕೂತಿತು. ಕ್ಯಾಸೆಟ್ ಚೆನ್ನಾಗಿಯೇ ಮಾರಾಟವಾಯಿತು. ಈಗಲೂ ಆ ಹಾಡು ಎಲ್ಲಾದರೂ ಕೇಳಿದರೆ ನನಗೆ ಆ ನಾಲ್ಕು ಸೆಕೆಂಡು ಮಾತ್ರ ಕೇಳಿಸುತ್ತದೆ.

ಇಂಥ ಮನುಷ್ಯನಿಗೆ ಡಿಜಿಟಲ್ ಬಂದಾಗ ಏನನ್ನಿಸಿರಬೇಡ! 1991ರಲ್ಲಿ ಕಂಪ್ಯೂಟರಿನಲ್ಲೇ ಮುದ್ರಿಸಿ ಕತ್ತರಿಸುವ ಪ್ರೋ ಟೂಲ್ಸ್ ಬಂತು, 1992ರಲ್ಲಿ ಅಡಾಟ್ ಎಂಬ ಡಿಜಿಟಲ್ ಟೇಪ್ ಯಂತ್ರ ಅಂಗಡಿಗೆ ಬಂತು, ವಿಡಿಯೋ ಕ್ಯಾಸೆಟ್ಟಿನಂಥದೇ ಕ್ಯಾಸೆಟ್ಟಿನಲ್ಲಿ 8 ಟ್ರ್ಯಾಕು. ನಮ್ಮ ಕೈಗೆ ಸಿಗುವ ಹೊತ್ತಿಗೆ ಇನ್ನಷ್ಟು ವರ್ಷ ಕಳೆದಿತ್ತು. ಮೊದಲ ಸಲ ಕಂಪ್ಯೂಟರಿನಲ್ಲಿ ತಪ್ಪಾಗಿ ಒಂದು ಟ್ರ್ಯಾಕು ಅಳಿಸಿ, ಒಂದು ಗುಂಡಿ ಒತ್ತಿದಾಗ ಅದು ಮತ್ತೆ ಪ್ರತ್ಯಕ್ಷವಾಯಿತಲ್ಲ, ನನ್ನ ಕಣ್ಣಲ್ಲಿ ನೀರು ಬಂದದ್ದು ಸುಳ್ಳಲ್ಲ. ಯಾರಾದರೂ ಟೇಪಿನ ಕಾಲವನ್ನು ಸ್ವರ್ಗ ಎಂದು ವರ್ಣಿಸಿದರೆ ಅವರು ಪಂಚ್ ಮಾಡಿದವರಲ್ಲ ಎಂದು ತಿಳಿಯಿರಿ.

ಆದರೆ ಆ ಗುಂಡಿಯ ಜೊತೆಗೇ ಇನ್ನೊಂದು ಬಂತು. ಅದು ಗೊತ್ತಾಗಲು ಹತ್ತು ವರ್ಷ ಬೇಕಾಯಿತು. ಟೇಪಿನ ಕಾಲದಲ್ಲಿ ಗಾಯಕಿ ಎರಡು ಸಲ ಹಾಡಿದರೆ, ಯಾವುದು ಇರಲಿ ಎಂದು ಅಲ್ಲೇ, ಆಗಲೇ ಹೇಳಬೇಕಿತ್ತು. ಇನ್ನೊಂದರ ಮೇಲೆ ಮೂರನೆಯದು ಬರೆಯಲಾಗುತ್ತಿತ್ತು. ಸಂಗೀತ ನಿರ್ದೇಶಕ, ಗಾಯಕಿ, ಕವಿ ಇದ್ದರೆ ಕವಿ, ಎಲ್ಲರೂ ಆ ಐದು ನಿಮಿಷ ಮೈಯೆಲ್ಲ ಕಿವಿಯಾಗಿ ಕೂರುತ್ತಿದ್ದರು. ಈಗ ನಲವತ್ತು ಟೇಕು ಇಟ್ಟುಕೊಳ್ಳುತ್ತೇವೆ. "ಎಲ್ಲವೂ ಇರಲಿ ಸಾರ್, ಆಮೇಲೆ ನೋಡೋಣ." ಈ ‘ಆಮೇಲೆ ನೋಡೋಣ’ ಇದೆಯಲ್ಲ, ನನ್ನ ಪ್ರಕಾರ ಅನಲಾಗಿಗೂ ಡಿಜಿಟಲಿಗೂ ಇರುವ ನಿಜವಾದ ವ್ಯತ್ಯಾಸ ಅದೊಂದೇ. ಆಮೇಲೆ ನೋಡುವವರು ಯಾರು? ರಾತ್ರಿ ಎರಡು ಗಂಟೆಗೆ ಒಬ್ಬನೇ ಕುಳಿತ ಹುಡುಗ. ಒಂದನೆಯ ಟೇಕಿನಿಂದ ಒಂದು ಅಕ್ಷರ, ಹದಿಮೂರನೆಯದರಿಂದ ಇನ್ನೊಂದು. ಸಾಲು ಪೂರ್ತಿಯಾಗುತ್ತದೆ. ಆ ಸಾಲನ್ನು ಹಾಗೆ ಯಾರೂ ಎಂದೂ ಹಾಡಿಲ್ಲ.

ಮದರಾಸಿನ ಸ್ಟುಡಿಯೋಗಳಲ್ಲಿ ಕನ್ನಡ ಸಿನಿಮಾ ಹಾಡುಗಳು ಮುದ್ರಣವಾಗುತ್ತಿದ್ದ ಕಾಲದಲ್ಲಿ ಇಡೀ ವಾದ್ಯವೃಂದ ಒಂದೇ ಹಾಲಿನಲ್ಲಿ. ಒಬ್ಬ ಪಿಟೀಲಿನವನು ಕೊನೆಯ ಚರಣದಲ್ಲಿ ತಪ್ಪಿದರೂ ಎಲ್ಲರೂ ಮೊದಲಿನಿಂದ. ಕ್ರೂರವೇ ಸರಿ. ಆದರೆ ಕೊಳಲಿನವನು ಉಸಿರು ಎಳೆದುಕೊಂಡಾಗ ತಬಲಾದವನು ಅರ್ಧ ಕೂದಲೆಳೆ ಕಾಯುತ್ತಿದ್ದ. ಈಗ ಕೊಳಲು ಒಂದು ಊರಿನಿಂದ ಬರುತ್ತದೆ, ತಬಲಾ ಇನ್ನೊಂದರಿಂದ, ಇಬ್ಬರೂ ಕಿವಿಯಲ್ಲಿ ಕ್ಲಿಕ್, ಅಂದರೆ ಯಂತ್ರದ ಟಿಕ್ ಟಿಕ್ ತಾಳ, ಹಾಕಿಕೊಂಡು ನುಡಿಸಿರುತ್ತಾರೆ. ಯಾರೂ ಯಾರಿಗಾಗಿಯೂ ಕಾಯಬೇಕಾಗಿಲ್ಲ. ಡಿಜಿಟಲ್ ಇದನ್ನು ಮಾಡಿ ಎಂದು ಹೇಳಲಿಲ್ಲ, ಮಾಡಬಹುದು ಎಂದು ಹೇಳಿತು. ನಾವು ಮಾಡಿದೆವು. ಖರ್ಚು ಕಡಿಮೆಯಾಯಿತಲ್ಲ.

ಪಿಚ್ ತಿದ್ದುವ ತಂತ್ರಾಂಶದ ಬಗ್ಗೆ ಕೇಳುತ್ತೀರಿ ಎಂದು ಗೊತ್ತಿತ್ತು. (ಮುಂದಿನ ಸಾಲಿನ ತಾಯಿಯೊಬ್ಬರು: "ಮಗಳು ಹಾಡಿದ್ದನ್ನು ಸ್ಟುಡಿಯೋದಲ್ಲಿ ತಿದ್ದಿ ಕೊಟ್ಟರು, ಶ್ರುತಿ ಸರಿಯಾಗಿದೆ, ಆದರೂ ಅವಳ ಹಾಡಿನ ಹಾಗಿಲ್ಲ.") ಅಮ್ಮಾ, ನೀವು ಸರಿಯಾಗಿಯೇ ಕೇಳಿಸಿಕೊಂಡಿದ್ದೀರಿ. ಆಟೋಟ್ಯೂನ್ 1997ರಲ್ಲಿ ಬಂತು. ಮಾಡಿದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೂ ಮುಂಚೆ ತೈಲ ಹುಡುಕುವವರಿಗಾಗಿ ಭೂಮಿಯೊಳಗಿನ ಸದ್ದಿನ ಪ್ರತಿಧ್ವನಿಯನ್ನು ಲೆಕ್ಕ ಹಾಕುತ್ತಿದ್ದವರು. ಅದೇ ಗಣಿತ ಗಂಟಲಿಗೂ ಒಗ್ಗಿತು. ಈ ತಂತ್ರಾಂಶ ಸ್ವರವನ್ನು ಹತ್ತಿರದ ಮೆಟ್ಟಿಲಿಗೆ ಎಳೆದು ಕೂರಿಸುತ್ತದೆ. ಪಿಯಾನೋದ ಹನ್ನೆರಡು ಮೆಟ್ಟಿಲು ಇರುವ ಸಂಗೀತಕ್ಕೆ ಅದು ಸರಿ. ನಮ್ಮ ತೋಡಿ ರಾಗದ ಗಾಂಧಾರ ಸ್ವರ ಯಾವ ಮೆಟ್ಟಿಲ ಮೇಲೆ ಕೂರುತ್ತದೆ? ಕೂರುವುದೇ ಇಲ್ಲ, ತೂಗುತ್ತಿರುತ್ತದೆ. ತೂಗುವುದೇ ಅದರ ಗುರುತು. ಒಮ್ಮೆ ನನ್ನ ಹತ್ತಿರ ಕೆಲಸ ಕಲಿಯುತ್ತಿದ್ದ ಹುಡುಗ ಶ್ರದ್ಧೆಯಿಂದ ಒಂದು ತೋಡಿ ಆಲಾಪನೆಯನ್ನು ‘ಸರಿ’ ಮಾಡಿದ್ದ. ಪರದೆಯ ಮೇಲೆ ಅಲೆ ಅಲೆಯಾಗಿದ್ದ ಗೆರೆಯನ್ನೆಲ್ಲ ಇಸ್ತ್ರಿ ಹಾಕಿ ನೆಟ್ಟಗೆ ಮಾಡಿದ್ದ. ಕೇಳಿದರೆ ಅಂಬುಲೆನ್ಸು ಸಿಗ್ನಲ್ಲಿನಲ್ಲಿ ನಿಂತಂತಿತ್ತು. ತಪ್ಪು ಹುಡುಗನದಲ್ಲ; ಅವನಿಗೆ ಕಣ್ಣಿನಿಂದ ಕೇಳುವ ಅಭ್ಯಾಸ ಮಾಡಿಸಿದ ನಮ್ಮದು. ಹಾಗೆಂದು ನಮ್ಮ ಸಂಗೀತಕ್ಕೆ ಎಲೆಕ್ಟ್ರಾನಿಕ್ಸ್ ಬೇಡ ಎನ್ನಲಾರೆ. ಎಲೆಕ್ಟ್ರಾನಿಕ್ ತಂಬೂರಿಯನ್ನು ಬೆಳೆಸಿದವರು ನಮ್ಮ ಬೆಂಗಳೂರಿನ ಎಂಜಿನಿಯರ್ ಜಿ. ರಾಜ್ ನಾರಾಯಣ್, ಸ್ವತಃ ಕೊಳಲು ನುಡಿಸುವವರು. ಮೊದಮೊದಲು ಅದನ್ನು ಕಂಡು ಮುಖ ಸಿಂಡರಿಸಿದ ವಿದ್ವಾಂಸರ ಚೀಲದಲ್ಲೇ ಆಮೇಲೆ ಅದು ಇತ್ತು. ಕಿವಿ ಬಲ್ಲವರು ಮಾಡಿದ ಯಂತ್ರಕ್ಕೂ ಕಿವಿಗೆ ಸಂಬಂಧವಿಲ್ಲದ ಬಳಕೆಗೂ ವ್ಯತ್ಯಾಸವಿದೆ.

"ಹಾಗಾದರೆ ಅನಲಾಗಿನ ಆ ಬೆಚ್ಚಗಿನ ನಾದ?" ಎಂದು ಹಿಂದಿನಿಂದ ಕೇಳುತ್ತಿದ್ದಾರೆ. ಇದೆ. ಸುಳ್ಳಲ್ಲ. ಟೇಪಿಗೆ ಜೋರಾದ ಸದ್ದು ಕಳಿಸಿದರೆ ತುಕ್ಕಿನ ಕಣಗಳು ಒಂದು ಹಂತದ ಮೇಲೆ ತಿರುಗಲಾರವು. ಅಲೆಯ ನೆತ್ತಿ ನಯವಾಗಿ ದುಂಡಗಾಗುತ್ತದೆ. ಮೂಲದಲ್ಲಿ ಇಲ್ಲದ ಕೆಲವು ಉಪಸ್ವರಗಳು ಸೇರಿಕೊಳ್ಳುತ್ತವೆ. ಕೇಳಲು ಹಿತ. ಡಿಜಿಟಲ್‌ನಲ್ಲಿ ಮಿತಿ ಮೀರಿದರೆ ನೆತ್ತಿ ಕೊಡಲಿಯಲ್ಲಿ ಕಡಿದಂತೆ ಹಾರಿಹೋಗುತ್ತದೆ, ಕರ್ಕಶ. ಆದರೆ ನೆನಪಿಡಿ, ಆ ಬೆಚ್ಚಗೆ ಎನ್ನುವುದು ಟೇಪಿನ ದೋಷ, ಸತ್ಯವಲ್ಲ. ಒಲೆಯ ಮೇಲೆ ಸ್ವಲ್ಪ ಸೀದ ಹಾಲಿನ ಪರಿಮಳ ಇಷ್ಟವಾದ ಹಾಗೆ. ಈಗ ಆ ದೋಷವನ್ನೇ ಕಂಪ್ಯೂಟರಿನಲ್ಲಿ ಅನುಕರಿಸುವ ಪ್ಲಗಿನ್‌ಗಳು ಮಾರಾಟಕ್ಕಿವೆ. ಕೆಲವಕ್ಕೆ ಸುಯ್ ಎನ್ನುವ ಸದ್ದನ್ನು ಸೇರಿಸಲು ಬೇರೆಯೇ ತಿರುಗಣಿ ಇದೆ. ಅರ್ಧ ಆಯುಸ್ಸು ಅದನ್ನು ತೆಗೆಯಲು ಸವೆಸಿದ ನಾನು ಆ ತಿರುಗಣಿಯನ್ನು ನೋಡಿ ಮೂಕನಾದೆ. ಅಂದಹಾಗೆ ಡಿಜಿಟಲ್ ಕೂಡ ಸಂಪೂರ್ಣ ಮೌನವನ್ನು ಸಹಿಸುವುದಿಲ್ಲ. 24 ಬಿಟ್ಟಿನ (ಬಿಟ್ಟು ಎಂದರೆ ಒಂದೊಂದು ಅಳತೆಯನ್ನು ಎಷ್ಟು ಸೂಕ್ಷ್ಮವಾಗಿ ಬರೆದಿದೆ ಎಂಬ ಲೆಕ್ಕ) ಕಡತವನ್ನು ಸಿಡಿಗಾಗಿ 16ಕ್ಕೆ ಇಳಿಸುವಾಗ ಬೇಕೆಂದೇ ಚಿಟಿಕೆಯಷ್ಟು ಗದ್ದಲ ಬೆರೆಸುತ್ತೇವೆ. ಬೆರೆಸದಿದ್ದರೆ ತಂಬೂರಿಯ ನಾದ ಕರಗುತ್ತ ಹೋದಾಗ ಕೊನೆಯಲ್ಲಿ ಗರಗರ ಎನ್ನುತ್ತದೆ.

ಬೆಚ್ಚಗಿನ ನಾದವನ್ನು ಕಿವಿಯಿಂದಲೇ ಗುರುತಿಸುತ್ತೇವೆ ಎನ್ನುವವರಿಗೆ 2022ರಲ್ಲಿ ಒಂದು ಪೆಟ್ಟು ಬಿತ್ತು. ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ದುಬಾರಿ ಎಲ್‌ಪಿ ಗ್ರಾಮಫೋನ್ ತಟ್ಟೆಗಳನ್ನು ಶುದ್ಧ ಅನಲಾಗ್ ಎಂದು ನಂಬಿ ರಸಿಕರು ಕೊಂಡಾಡುತ್ತಿದ್ದರು. ಮೂಲ ಟೇಪಿಗೂ ತಟ್ಟೆಗೂ ನಡುವೆ ವರ್ಷಗಳಿಂದ ಡಿಜಿಟಲ್ ಹಂತವೊಂದು ಇತ್ತು ಎಂದು ಆ ವರ್ಷ ಹೊರಬಿತ್ತು. ಕೇಳಿ ಕೇಳಿ ಪಳಗಿದ ಕಿವಿಗಳಲ್ಲಿ ಒಂದೂ ಅದನ್ನು ಹಿಡಿದಿರಲಿಲ್ಲ. ಮೋಸ ಮೋಸವೇ, ಅದು ಬೇರೆ ಮಾತು. ಅದೇ ವರ್ಷ ಅಮೆರಿಕದಲ್ಲಿ ಎಲ್‌ಪಿ ತಟ್ಟೆಗಳು ಸಂಖ್ಯೆಯಲ್ಲಿ ಸಿಡಿಗಳನ್ನು ಮೀರಿ ಮಾರಾಟವಾದವು, 1987ರ ನಂತರ ಮೊದಲ ಸಲ. ಜನಕ್ಕೆ ಕೈಯಲ್ಲಿ ಹಿಡಿಯಲು ಏನೋ ಬೇಕಾಗಿದೆ ಎಂದು ಕಾಣುತ್ತದೆ.

ಉಳಿಯುವುದು ಯಾವುದು ಎಂಬ ಪ್ರಶ್ನೆ ಬಾಕಿ ಇದೆ. ಕೆಲವು ವರ್ಷದ ಹಿಂದೆ ಮಲೆನಾಡಿನ ಒಂದು ಅಡಿಕೆ ತೋಟದ ಮನೆಯಿಂದ ಮೂವರು ಬಂದರು. ಅವರ ದೊಡ್ಡಪ್ಪ 1980ರ ಸುಮಾರಿಗೆ ಮನೆಯ ಚಾವಡಿಯಲ್ಲಿ ಮುದ್ರಿಸಿಕೊಂಡ ಕಛೇರಿಯ ಸ್ಪೂಲು. ಯಂತ್ರಕ್ಕೆ ಹಾಕಿದರೆ ಎರಡು ಸುತ್ತಿಗೇ ಕಿರ್ರೆಂದು ಕಿರುಚಿ ನಿಂತಿತು. ಆ ಕಾಲದ ಕೆಲವು ಟೇಪುಗಳ ಅಂಟು ಗಾಳಿಯ ತೇವ ಹೀರಿ ಬೆಲ್ಲದ ಪಾಕದಂತಾಗುತ್ತದೆ. ಮಲೆನಾಡಿನ ನಲವತ್ತು ಮಳೆಗಾಲ ಕುಡಿದ ಟೇಪು ಅದು. ಇದಕ್ಕೆ ಮದ್ದೆಂದರೆ ಬೇಯಿಸುವುದು. ನಗಬೇಡಿ, ನಿಜ: ಸುಮಾರು 54 ಡಿಗ್ರಿ ಬಿಸಿಯಲ್ಲಿ ಎಂಟು ಗಂಟೆಗೂ ಹೆಚ್ಚು ಹೊತ್ತು, ಬಿಸಿ ಏರದಂತೆ ಕಾದು ಕುಳಿತು. ಆಮೇಲೆ ಕೆಲವು ವಾರ ಟೇಪು ಮತ್ತೆ ಓಡುತ್ತದೆ. ಅಷ್ಟರಲ್ಲಿ ಡಿಜಿಟಲ್‌ಗೆ ಇಳಿಸಿಕೊಳ್ಳಬೇಕು. ಹೀಗೆ ಅನಲಾಗಿನ ಪ್ರಾಣ ಉಳಿಸಿದ್ದು ಡಿಜಿಟಲ್ಲೇ. ಅದೇ ತಿಂಗಳು ನನ್ನದೇ 2003ರ ಹಾರ್ಡ್ ಡಿಸ್ಕ್ ಒಂದನ್ನು ತೆರೆಯಲು ಹೋದೆ. ತಿರುಗುತ್ತದೆ, ಕಡತಗಳ ಹೆಸರು ಕಾಣುತ್ತದೆ, ತೆರೆಯುವ ತಂತ್ರಾಂಶ ಈಗ ಯಾವ ಕಂಪ್ಯೂಟರಿನಲ್ಲೂ ಓಡುವುದಿಲ್ಲ. ಅದನ್ನು ಬೇಯಿಸಿಯೂ ಪ್ರಯೋಜನವಿಲ್ಲ.

ಸ್ಪೂಲು ಓಡಿತು. ಮೊದಲು ಬಂದದ್ದು ದೆವ್ವ: ಹಾಡು ಶುರುವಾಗುವ ಒಂದು ಸುತ್ತು ಮುಂಚೆಯೇ ಅದೇ ಹಾಡು ಪಕ್ಕದ ಮನೆಯಿಂದ ಬಂದಂತೆ ಸಣ್ಣಗೆ ಕೇಳುತ್ತದೆ. ಸುತ್ತಿಟ್ಟ ಟೇಪಿನಲ್ಲಿ ಒಂದು ಪದರದ ಕಾಂತ ಪಕ್ಕದ ಪದರಕ್ಕೆ ಹತ್ತಿರುತ್ತದೆ. ಆಮೇಲೆ ನಿಜವಾದ ಕಲ್ಯಾಣಿ. ಬಂದವರು ಕೈ ಮುಗಿದು ಕುಳಿತರು. ಆಲಾಪನೆ ತಾರ ಷಡ್ಜಕ್ಕೆ ಏರಿ ನಿಲ್ಲಬೇಕು, ಅಷ್ಟರಲ್ಲಿ ಗರ್ ಎಂದು, ರೇಡಿಯೋದಲ್ಲಿ ಅಡಿಕೆಯ ಧಾರಣೆ ಓದುತ್ತಿದ್ದಾರೆ. ದೊಡ್ಡಪ್ಪ ಅದೇ ಟೇಪಿನ ಮೇಲೆ ಬರೆದುಬಿಟ್ಟಿದ್ದರು. ಮಕ್ಕಳು ತಲೆ ತಗ್ಗಿಸಿದರು. ಜೊತೆಯಲ್ಲಿ ಬಂದಿದ್ದ ದೊಡ್ಡಮ್ಮ ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಲೇ ಇದ್ದರು. "ಆ ವರ್ಷ ಧಾರಣೆ ಚೆನ್ನಾಗಿ ಬಂದಿತ್ತು ಮಾರಾಯ, ಅದನ್ನೇ ದಿನಾ ಹಾಕಿ ಕೇಳುತ್ತಿದ್ದರು" ಎಂದರು. ಎರಡನ್ನೂ ಇಳಿಸಿ ಕೊಟ್ಟೆ.

ಈಗ ಬ್ಲೇಡು. ಈ ಸುರುಳಿಯಲ್ಲಿ ನಾನು ಮೊನ್ನೆ ಮುದ್ರಿಸಿದ ವೀಣೆಯ ಒಂದು ತಾನ ಇದೆ. ನಡುವೆ ಒಂದು ಮೀಟು ಎರಡು ಸಲ ಬಿದ್ದಿದೆ. ಒಂದನ್ನು ತೆಗೆಯಬೇಕು. ಯಾರಾದರೂ ಬನ್ನಿ.

(ಹದಿನೆಂಟು ವರ್ಷದ ಒಬ್ಬ ಹುಡುಗಿ ವೇದಿಕೆಗೆ ಬಂದಳು. ಮೊಬೈಲಿನಲ್ಲಿ ಹಾಡು ಮುದ್ರಿಸಿ ಹಾಕುತ್ತಾಳಂತೆ. ಚಕ್ರ ಅಲುಗಿಸುವುದನ್ನು ತೋರಿಸಿಕೊಟ್ಟೆ. ಮೀಟು ಸಿಕ್ಕಿತು, ಗುರುತು ಹಾಕಿದಳು, ಟೇಪು ಮಲಗಿಸಿದಳು. ಬ್ಲೇಡು ಎತ್ತಿಕೊಂಡವಳು ನನ್ನತ್ತ ತಿರುಗಿ "ಇದರ ಕಾಪಿ ಇದೆ ಅಲ್ಲವೇ ಸಾರ್?" ಎಂದು ಕೇಳಿದಳು. ಇಲ್ಲ ಎಂದೆ. ಬ್ಲೇಡನ್ನು ಕೆಳಗಿಟ್ಟಳು. ಟೇಪನ್ನು ಮತ್ತೆ ಯಂತ್ರಕ್ಕೆ ಏರಿಸಿ, ಹಿಂದಕ್ಕೆ ಸುತ್ತಿ, ಕಣ್ಣು ಮುಚ್ಚಿಕೊಂಡು ಆ ಜಾಗವನ್ನು ಮೂರು ಸಲ ಕೇಳಿದಳು. ನಾಲ್ಕನೆಯ ಸಲಕ್ಕೆ ಗುರುತನ್ನು ಬೆರಳಿನಿಂದ ಒರೆಸಿ, ಕೂದಲೆಳೆಯಷ್ಟು ಎಡಕ್ಕೆ ಹೊಸದಾಗಿ ಹಾಕಿದಳು.)